ಆ ದಿನ ವಾರ್ಡಿನಲ್ಲಿ ಯಾರಿದ್ದರು

ಮುನಿರ್ಕಾ, ದೆಹಲಿ
೨೦ ನವೆಂಬರ್ ೨೦೨೪

ಪ್ರೀತಿಯ ಜಲಜಾ,

ಮಂಡ್ಯ ತಲುಪಿ ಒಂದಿಷ್ಟು ನಿದ್ದೆಯಾದರೂ ಮಾಡಿದೆಯಾ? ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ಅದಕ್ಕೇ ಈ ಪತ್ರ. ನಿನ್ನ ವಿಚಾರಣೆ ನಿನ್ನೆ ಮುಗಿಯಿತು.

ಆ ಆಸ್ಪತ್ರೆಯ ಹೆಸರೆತ್ತಿದರೆ ನನಗೀಗ ವಾಕರಿಕೆ. ಕೀವು, ವಾಂತಿ ಯಾವುದಕ್ಕೂ ಹೇಸದವಳು ನಾನು. ಆ ದಿನ ಮೀಟಿಂಗ್ ಹಾಲ್‌ನಲ್ಲಿ ಹೇಸಿಕೊಂಡೆ. ನಗುನಗುತ್ತಾ ಸೇವೆ ಮಾಡುವುದು ಹೇಗೆಂದು ಸೂಟು ಹಾಕಿದವನೊಬ್ಬ ನಮಗೆ ಪಾಠ ಹೇಳುತ್ತಿದ್ದ. ಕುರ್ಚಿ ತುಂಬಲಿ ಎಂದು ಮೇಟ್ರನ್ ನರ್ಸ್‌ಗಳನ್ನೆಲ್ಲ ಅಲ್ಲಿಗೆ ಎಳೆದೊಯ್ದು, ವಾರ್ಡಿಗೆ ನಿನ್ನೊಬ್ಬಳನ್ನೇ ಬಿಟ್ಟಿದ್ದರು. ನಮ್ಮನ್ನು ಗುತ್ತಿಗೆಯ ಮೇಲೆ ಆಸ್ಪತ್ರೆಗೆ ಕಳಿಸಿದ ಏಜೆನ್ಸಿ ದೀಪಾವಳಿಗೂ ಸಂಬಳ ಕೊಟ್ಟಿರಲಿಲ್ಲ. ನೀನು ರಾತ್ರಿಯೆಲ್ಲ ದ್ವಾರಕಾದಲ್ಲಿ ಯಾರದೋ ತಾಯಿಯನ್ನು ನೋಡಿಕೊಂಡು, ಮೆಟ್ರೋದಲ್ಲಿ ನಿಂತೇ ತೂಕಡಿಸಿ ಡ್ಯೂಟಿಗೆ ಬಂದವಳು. ಒಬ್ಬರಿಗೆ ಕೊಡಬೇಕಾದ ಇನ್ಸುಲಿನ್ ಪಕ್ಕದ ಹಾಸಿಗೆಯ ಅಜ್ಜಿಗೆ ಹೋಯಿತು. ತಪ್ಪು ಕಂಡುಹಿಡಿದವಳೂ ನೀನೇ, ಗ್ಲೂಕೋಸ್ ಏರಿಸಿ ಡಾಕ್ಟರನ್ನು ಕೂಗಿದವಳೂ ನೀನೇ. ಅಜ್ಜಿ ಉಳಿದರು. ನಿನ್ನನ್ನು ಮಾತ್ರ ಸಂಜೆಯೊಳಗೆ ಹೊರಗೆ ಹಾಕಿದರು.

ನಿನ್ನೆ ಒಳಗೆ ಹೋಗುವ ಮುಂಚೆ ಮೇಟ್ರನ್ ನನ್ನನ್ನು ಪಕ್ಕಕ್ಕೆ ಕರೆದರು. ವಾರ್ಡಿನಲ್ಲಿ ನಾವೆಲ್ಲರೂ ಇದ್ದೆವು ಎಂದು ಹೇಳು, ನಿಂತಿರುವ ಸಂಬಳ ಈ ವಾರವೇ ಬಿಡಿಸುತ್ತೇನೆ ಎಂದರು. ಆಗಲಿ ಎಂದೆ, ಜಲಜಾ. ಬಾಡಿಗೆ ಬಾಕಿ ಎಂದು ಮನೆಯೊಡತಿ ನಮ್ಮ ಮಹಡಿಗೆ ನೀರು ಬಿಡುತ್ತಿಲ್ಲ.

ಒಳಗೆ ವಿಚಾರಣೆಯ ಕಮಿಟಿಯೆದುರು ಅಜ್ಜಿಯ ಮಗಳು ಕೂತಿದ್ದಳು. ಆ ದಿನ ಒಬ್ಬ ಸಿಸ್ಟರ್ ಬಿಟ್ಟು ಇನ್ನೊಬ್ಬರ ಮುಖ ಕಾಣಲಿಲ್ಲ, ಗ್ಲೂಕೋಸ್ ಬಾಟಲಿ ನಾನೇ ಎತ್ತಿ ಹಿಡಿದು ನಿಂತಿದ್ದೆ ಎಂದು ಹಿಂದಿಯಲ್ಲಿ ಹೇಳಿದಳು. ಮೇಟ್ರನ್ ಮೆಲ್ಲಗೆ ನಕ್ಕು, ಪಾಪ, ಗಾಬರಿಯಲ್ಲಿ ಸರಿಯಾಗಿ ನೋಡಿಲ್ಲ ಎಂದರು. ಆ ‘ಪಾಪ’ ಕೇಳಿ ನನಗೆ ಮೈಯೆಲ್ಲ ಉರಿಯಿತು. ಅವಳು ಹೇಳುವುದೇ ನಿಜ, ನಾವೆಲ್ಲ ಹಾಲ್‌ನಲ್ಲಿ ಸಮೋಸಾ ತಿನ್ನುತ್ತಿದ್ದೆವು ಎಂದುಬಿಟ್ಟೆ.

ಕಮಿಟಿಯವರು ಮುಖ ಮುಖ ನೋಡಿಕೊಂಡರು. ತಪ್ಪು ನಿನ್ನೊಬ್ಬಳದಲ್ಲ ಎಂದು ತೀರ್ಮಾನವಾಯಿತು. ನಿನ್ನನ್ನು ವಾಪಸ್ ತೆಗೆದುಕೊಳ್ಳುವುದು ಮಾತ್ರ ಏಜೆನ್ಸಿಗೆ ಬಿಟ್ಟದ್ದಂತೆ. ಸಂಜೆ ಏಜೆನ್ಸಿಯವನು ನನಗೆ ಫೋನ್ ಮಾಡಿ, ಇನ್ನು ನೀನೂ ಬರಬೇಡ ಎಂದ.

ನೀನು ಯಾರಿಗೂ ಮುಖ ತಪ್ಪಿಸಬೇಕಿಲ್ಲ. ಅಪ್ಪನಿಗೂ ಹೇಳು. ಆದರೆ ಏಜೆನ್ಸಿಯವರು ಕರೆದರೂ ಇಲ್ಲಿಗೆ ಬರಬೇಡ. ನಾನಂತೂ ಆ ಗೇಟು ಮತ್ತೆ ದಾಟುವುದಿಲ್ಲ.

ನಿನ್ನ,
ವಿಮಲಾ

ತಾ.ಕ.: ಪತ್ರ ಮಡಿಸುತ್ತಿದ್ದಾಗ ಮೇಟ್ರನ್ ಫೋನ್ ಮಾಡಿದರು. ಜನ ಸಿಗುತ್ತಿಲ್ಲ, ಏಜೆನ್ಸಿಗೆ ನಾನು ಹೇಳುತ್ತೇನೆ, ನಾಳೆ ಬೆಳಿಗ್ಗೆ ಬಾ ಎಂದರು. ವಾರ್ಡಿನಲ್ಲಿ ಜೊತೆಗೆ ಯಾರಿರುತ್ತಾರೆ ಎಂದು ಕೇಳಿದೆ. ಸದ್ಯಕ್ಕೆ ನೀನೊಬ್ಬಳೇ ಎಂದರು. ಬರುತ್ತೇನೆ ಎಂದೆ.