ಅದೇ ದಾನಿಯ ರಕ್ತ

ಮೆಹದಿಪಟ್ಟಣಂ, ಹೈದರಾಬಾದ್

ಮಾನ್ಯ ಪ್ರೊಫೆಸರ್ ಜಹಗೀರದಾರ ಅವರಿಗೆ,

ಜರ್ನಲ್‌ನವರು ನಮ್ಮ ಲೇಖನವನ್ನು ಬಹುತೇಕ ಒಪ್ಪಿದ್ದಾರೆಂದು ನಿನ್ನೆ ಫೋನಿನಲ್ಲಿ ಹೇಳಿದಿರಿ. ಸಂತೋಷ. ಬ್ಯಾಕ್ಟೀರಿಯಾದ ಒಂದೊಂದೇ ಜೀನ್ ತೆಗೆದು, ಮನುಷ್ಯರ ರಕ್ತದಲ್ಲಿ ಬಿಟ್ಟು, ಯಾವ ಜೀನ್ ಇಲ್ಲದಿದ್ದರೆ ಅದು ಸಾಯುತ್ತದೆಂದು ವರ್ಷಗಟ್ಟಲೆ ನೋಡಿದವಳು ನಾನು. ಲೇಖನದಲ್ಲಿ ನನ್ನ ಹೆಸರಿದ್ದ ಜಾಗದಲ್ಲಿ ಈಗ ನಿಮ್ಮ ಅಳಿಯ ಮಿಲಿಂದರ ಹೆಸರಿದೆ. ಪಾಪ, ಅವರು ಲ್ಯಾಬಿಗೆ ಬರುತ್ತಿದ್ದದ್ದೇ ಎ.ಸಿ.ಗೆ.

ಪ್ರಯೋಗಕ್ಕೆ ರಕ್ತ ಬೇಕಾದಾಗಲೆಲ್ಲ ನೀವು, "ನನಗ ಶುಗರ್ ಅದ, ಮಿಲಿಂದಗ ಸೂಜಿ ಕಂಡ್ರ ತಲಿ ತಿರಗತದ, ನೀನೇ ಕೊಡವಾ" ಎನ್ನುತ್ತಿದ್ದಿರಿ. ಕೊಟ್ಟೆ.

ಈಗ ಜರ್ನಲ್‌ನವರು ಕೊನೆಯ ಪ್ರಯೋಗವನ್ನು ಅದೇ ದಾನಿಯ ರಕ್ತದಲ್ಲಿ ಮತ್ತೆ ಮಾಡಿ ತೋರಿಸಿ ಎಂದಿದ್ದಾರಂತೆ. "ಸೋಮವಾರ ಬಂದು ಹೋಗವಾ, ಚಹಾ ಕುಡಿಯೂಣು" ಎಂದಿರಿ. ಎಷ್ಟು ದೊಡ್ಡ ಮನಸ್ಸು!

ದಾನಿ ಯಾವಾಗ ಬೇಕಾದರೂ ಹಿಂದೆ ಸರಿಯಬಹುದು. ನಿಯಮ ಓದಿ ಹೇಳಿದವರು ನೀವೇ. ಸರಿದಿದ್ದೇನೆ. ಲ್ಯಾಬಿನ ಕುರ್ಚಿಯ ಮೇಲೆ ನನ್ನ ಸ್ವೆಟರ್ ಉಳಿದಿದೆ, ದಯವಿಟ್ಟು ಕಳಿಸಿಕೊಡಿ.

ಒಂದನ್ನು ತೆಗೆದು, ಉಳಿದದ್ದು ಬದುಕುತ್ತದೋ ಇಲ್ಲವೋ ನೋಡುವುದು ನಮ್ಮ ಕಸುಬು. ನೀವು ನನ್ನನ್ನು ತೆಗೆದಿದ್ದೀರಿ. ಸೋಮವಾರ ಫಲಿತಾಂಶ ನೋಡಿ.

ಇತಿ,
ಅಮಿತಾ ದೇಸಾಯಿ