ಏಳನೆಯ ಬನ್ನಿಗೆ ಹದಿನಾರು ಅಂಕ

ಸುವಾ, ಮಂಗಳವಾರ

ಅಜ್ಜೀ,

ನೀನು ಕಲಿಸಿದ ಮರ್ಯಾದೆಯಿಂದ ಇವತ್ತು ಅರ್ಥಶಾಸ್ತ್ರದ ಒಂದು ನಿಯಮ ನೆಲಕಚ್ಚಿತು. ಒಂದೇ ತಿಂಡಿಯನ್ನು ತಿನ್ನುತ್ತಾ ಹೋದರೆ ಸುಖ ಕಡಿಮೆಯಾಗುತ್ತಾ ಬರುತ್ತದೆ ಎಂಬುದು ಆ ನಿಯಮ. ಅದನ್ನು ತೋರಿಸಲು ನಮ್ಮ ಮೇಷ್ಟ್ರು ಹಾರ್ವುಡ್ ತಮ್ಮ ಹೆಂಡತಿ ಮಾಡಿದ ತೆಂಗಿನಹಾಲಿನ ಬನ್ನುಗಳನ್ನು ತಂದು, ಸಮೋವಾದವನು ಚೆನ್ನಾಗಿ ತಿನ್ನುತ್ತಾನೆಂದು ನನ್ನನ್ನೇ ಎದುರಿಗೆ ಕೂರಿಸಿದರು. ಒಂದೊಂದನ್ನೂ ತಿಂದು ಹತ್ತಕ್ಕೆ ಎಷ್ಟು ಅಂಕವೆಂದು ಹೇಳಬೇಕು.

ಮೊದಲನೆಯದಕ್ಕೆ ಹತ್ತು ಕೊಟ್ಟೆ. ಎರಡನೆಯದಕ್ಕೆ ಕಡಿಮೆ ಹೇಳುವುದು ಹೇಗೆ? ಬಡಿಸಿದವರು ಎದುರಿಗೇ ನಿಂತಿದ್ದಾರೆ! ಹನ್ನೊಂದು ಎಂದೆ. ಏಳನೆಯದಕ್ಕೆ ಹದಿನಾರು. ಕಪ್ಪುಹಲಗೆಯ ಮೇಲೆ ಇಳಿಯಬೇಕಿದ್ದ ಗೆರೆ ಏರಿ ಏರಿ ಗೋಡೆ ಹತ್ತಿತು.

"ಲೋ ಫೆಲೇತಿ, ನಿಜ ಹೇಳೋ! ಕಣ್ಣುಗುಡ್ಡೆ ಮೇಲಕ್ಕೆ ಹೋಗ್ತಿದೆ!" ಎಂದು ಹಿಂದಿನ ಬೆಂಚಿನಿಂದ ಮೆರೆ ಎಂಬ ಹುಡುಗಿ ಕೂಗಿದಳು.

"ತುಂಬಾ ಚೆನ್ನಾಗಿದೆ ಸರ್," ಎಂದೆ. ಹಾಗೆಂದರೆ 'ಇನ್ನು ಬೇಡ' ಎಂದರ್ಥ, ನಮ್ಮ ಮನೆಯಲ್ಲಿ ಮಗುವಿಗೂ ಗೊತ್ತು. ಅವರು ಎಂಟನೆಯದನ್ನು ಕೊಟ್ಟರು.

ಈಗ ಹೊಟ್ಟೆ ನಗಾರಿಯಾಗಿದೆ. ನಿಂಬೆ ಎಲೆಯ ಚಹಾ ಕುಡಿದಿದ್ದೇನೆ, ಚಿಂತಿಸಬೇಡ.

ಪಾಠ ಮುಗಿದಾಗ ಮೇಷ್ಟ್ರ ಕಣ್ಣಲ್ಲಿ ಮಾತ್ರ ನೀರು. ಹದಿನೆಂಟು ವರ್ಷದಲ್ಲಿ ಆ ಬನ್ನಿಗೆ ಯಾರೂ ಆರಕ್ಕಿಂತ ಹೆಚ್ಚು ಕೊಟ್ಟಿರಲಿಲ್ಲವಂತೆ. ಭಾನುವಾರ ಮನೆಗೆ ಊಟಕ್ಕೆ ಕರೆದಿದ್ದಾರೆ.

"ಖಂಡಿತ ಬರ್ತೀನಿ ಸರ್. ಬನ್ನು ಇರುತ್ತೆ ತಾನೆ?" ಎಂದು ನೀನು ಸಾಕಿದ ಈ ಬಾಯಿ ಕೇಳಿಬಿಟ್ಟಿತು.

ಓಡುತ್ತೇನೆ, ಕಕ್ಕಸು ಕರೆಯುತ್ತಿದೆ.

ಫೆಲೇತಿ