ಬಾಣಂತಿ ಕೋಣೆಗೊಂದು ಕಿಟಕಿ

ಹೊಸ ಮುದಗಲ್ಲು
ಚಿತ್ರಭಾನು ಸಂವತ್ಸರ, ಎರಡನೆಯ ಬೇಸಿಗೆ
(ನಿಮ್ಮ ಲೆಕ್ಕದಲ್ಲಿ ಇಸವಿ ೨೧೮೨)

ಹೊಸ ಮನೆಗಳು ಹೇಗಿರಬೇಕೆಂದು ಈಗ ಕೂತು ನಿಯಮ ಬರೆಯುತ್ತಿರುವ ಹಿರಿಯರಿಗೆ ನೀಲಗಂಗಮ್ಮನ ನಮಸ್ಕಾರಗಳು.

ನನ್ನ ಮಾತಿನಲ್ಲಿ ಕೆಲವು ಪದಗಳು ನಿಮಗೆ ವಿಚಿತ್ರವಾಗಿ ಕಾಣಬಹುದು, ಕ್ಷಮಿಸಬೇಕು. ನಿಮಗೆ ವರ್ಷಕ್ಕೆ ಒಂದೇ ಬೇಸಿಗೆ ಇತ್ತಂತೆ. ನಮಗೆ ಮೂರು, ನಡುವೆ ಒಂದಿಷ್ಟು ಮಳೆ. ನಮಗಿಂತ ಹಿಂದಿನ ಕಾಲದವರಿಗೆ ಕಾಗದ ಒಯ್ಯುವ ಅಂಚೆಯಲ್ಲಿ ಇಲ್ಲಿನ ಜನ ಹೆಚ್ಚಾಗಿ ಬೈಗುಳವನ್ನೇ ಕಳಿಸುತ್ತಾರೆ. ನಾನೂ ಬೈಯಬೇಕೆಂದೇ ಕೂತವಳು. ಆದರೆ ನನಗೆ ನಿಮ್ಮಿಂದ ಒಂದು ಕೆಲಸ ಆಗಬೇಕಾಗಿದೆ, ಹಾಗಾಗಿ ನಾಲಿಗೆಯನ್ನು ಹಿಡಿತದಲ್ಲಿ ಇಟ್ಟುಕೊಂಡಿದ್ದೇನೆ.

ಮೊದಲು ನಿಮಗೆ ಸಲ್ಲಬೇಕಾದ್ದನ್ನು ಸಲ್ಲಿಸುತ್ತೇನೆ. ನಾವಿರುವುದು ಬಿಗಿಮನೆಯಲ್ಲಿ. ಗೋಡೆ, ಸೂರು, ಬಾಗಿಲಿನ ಸಂದು, ಎಲ್ಲಿಯೂ ಗಾಳಿ ನುಸುಳದಂತೆ ಕಟ್ಟಿದ ಮನೆಗೆ ಹಾಗೆನ್ನುತ್ತೇವೆ. ಹೊರಗೆ ಐವತ್ತು ಡಿಗ್ರಿ ದಾಟಿದ ಬಿಸಿಲು ಹೊಡೆಯುತ್ತಿದ್ದರೂ ಒಳಗೆ ನಾವು ರೊಟ್ಟಿ ಬಡಿದು ಉಂಡು ಮಲಗುತ್ತೇವೆ. ತಂಪಿಗೆ ಖರ್ಚಾಗುವ ಕರೆಂಟು ನಿಮ್ಮ ಕಾಲದ ಒಂದು ಮನೆಗೆ ಬೇಕಾಗುತ್ತಿದ್ದುದರಲ್ಲಿ ಕಾಲು ಭಾಗವೂ ಇರಲಿಕ್ಕಿಲ್ಲ. ಹಳೆಯ ಮುದಗಲ್ಲಿನಲ್ಲಿ ಗಾಳಿ ಸೋರುವ ಮನೆಗಳನ್ನು ಬಿಟ್ಟು ಬರದೆ ಉಳಿದವರು ಯಾರೂ ಬದುಕಲಿಲ್ಲ. ಮನೆಯ ಸಂದುಗಳನ್ನು ಮುಚ್ಚಿ ಎಂದು ನೀವು ಬರೆದಿರಿ, ಅದರಿಂದ ನಾವು ಉಳಿದೆವು. ಅದನ್ನು ಅಳಿಸಿ ಎಂದು ನಾನು ಕೇಳುವುದಿಲ್ಲ.

ಮನೆ ಕಟ್ಟಿ ಮುಗಿದ ದಿನ ನಮ್ಮಲ್ಲಿ ಊದುಪರೀಕ್ಷೆ ಆಗುತ್ತದೆ. ಮುಂಬಾಗಿಲಿಗೆ ದೊಡ್ಡ ಫ್ಯಾನು ಕೂರಿಸಿ ಒಳಗೆ ಗಾಳಿ ತುಂಬುತ್ತಾರೆ, ಎಷ್ಟು ಸೋರುತ್ತದೆ ಎಂದು ಯಂತ್ರ ಹೇಳುತ್ತದೆ. ಯಂತ್ರವನ್ನು ನಂಬದ ನಮ್ಮ ಹೆಂಗಸರು ಮೂಲೆ ಮೂಲೆಗೆ ಊದಿನಕಡ್ಡಿ ಹಿಡಿದು ನೋಡುತ್ತಾರೆ. ಹೊಗೆ ಅಲುಗದೆ ನೇರವಾಗಿ ಎದ್ದರೆ ಆರತಿ ಎತ್ತಿ, ಹಾಲುಕ್ಕಿಸಿ, ಬಂದವರಿಗೆ ಹೋಳಿಗೆ ಬಡಿಸುತ್ತಾರೆ. ಪರೀಕ್ಷೆ ಪಾಸಾದರೆ ಮಾತ್ರ ತಂಪುಪಾಲು, ಅಂದರೆ ಮನೆ ತಣಿಸುವ ಕರೆಂಟಿನ ಪಾಲು. ಅದು ಒಂದೊಂದು ಮನೆಗೆ ಬೇರೆ ಬೇರೆಯಾಗಿ ಸಿಗುವುದಿಲ್ಲ, ಮನೆಗಳ ಇಡೀ ಸಾಲಿಗೆ ಒಟ್ಟಾಗಿ ಸಿಗುತ್ತದೆ. ಒಂದು ಮನೆ ಸೋರಿದರೂ ಅದನ್ನು ಮುಚ್ಚುವ ತನಕ ಸಾಲಿಗೆಲ್ಲ ತಂಪು ಬಂದ್. ಹೀಗಿರುವಾಗ ಕಟ್ಟುವವರು ಏನು ಮಾಡಿಯಾರು? ಸೋರಿಕೆ ಹೆಚ್ಚು ಸಿಗುವುದು ಕಿಟಕಿಯ ಸುತ್ತ. ಬಿಗಿಯಾಗಿ ಮುಚ್ಚಿಕೊಳ್ಳುವ ಒಳ್ಳೆಯ ಕಿಟಕಿ ಮಾಡುವುದು ಕಷ್ಟ, ಕಿಟಕಿಯನ್ನೇ ಬಿಡುವುದು ಸುಲಭ. ನಿಮ್ಮ ನಿಯಮದಲ್ಲಿ ಎಷ್ಟು ಗಾಳಿ ಸೋರಬಾರದು ಎಂದು ಇತ್ತೇ ಹೊರತು ತೆರೆಯುವ ಕಿಟಕಿ ಇರಲೇಬೇಕು ಎಂದು ಇರಲಿಲ್ಲ. ಬೆಳಕಿಗೆ ತೆರೆಯದ ಗಾಜು ಹಾಕಿದರು. ಉಸಿರಾಡಲು ಗೋಡೆಯಲ್ಲಿ ಒಂದು ಉಸಿರುಪೆಟ್ಟಿಗೆ ಕೂರಿಸಿದರು. ಒಳಗಿನ ಹಳಸಲು ಗಾಳಿಯನ್ನು ಹೊರಗೆ ದಬ್ಬಿ, ಹೊರಗಿನದನ್ನು ತಣಿಸಿ ಒಳಗೆ ತರುವ ಯಂತ್ರ ಅದು. ನಾನು ಹುಟ್ಟುವ ಹೊತ್ತಿಗೆ ನಮ್ಮೂರಿನಲ್ಲಿ ತೆರೆಯುವ ಕಿಟಕಿ ಒಂದೂ ಉಳಿದಿರಲಿಲ್ಲ.

ಇನ್ನು ಗಾಳಿ ಎಂಬ ಮಾತು. ಉಸಿರಾಡುವುದಕ್ಕೂ ಗಾಳಿ ಎನ್ನುತ್ತೇವೆ, ಮೈಮೇಲೆ ಬರುವ ಪೀಡೆಗೂ ಗಾಳಿ ಎನ್ನುತ್ತೇವೆ. ನಿಮ್ಮ ಕಾಲದಲ್ಲೂ ಹೀಗೇ ಇತ್ತಲ್ಲವೆ? ಬಾಣಂತಿಗೆ ಗಾಳಿ ಸೋಕಬಾರದು ಎಂದು ಕಿವಿಗೆ ಬಟ್ಟೆ ಕಟ್ಟಿ, ಕೋಣೆ ಮುಚ್ಚಿ, ಮಂಚದ ಕೆಳಗೆ ಕೆಂಡದ ಶೇಗಡಿ ಇಟ್ಟು, ಲೋಬಾನದ ಹೊಗೆ ಹಾಕುತ್ತಿದ್ದವರು ನೀವೇ. ನಿಮ್ಮ ಮಣ್ಣಿನ ಮಾಳಿಗೆಯಲ್ಲಿ ಅದು ನಡೆಯುತ್ತಿತ್ತು, ಏಕೆಂದರೆ ಮೇಲೆ ಬೆಳಕಿಂಡಿ ಇತ್ತು, ಬಾಗಿಲಿನಲ್ಲಿ ಬಿರುಕಿತ್ತು. ಪದ್ಧತಿ ನಮ್ಮ ಜೊತೆ ಬಿಗಿಮನೆಗೆ ಬಂತು. ಬೆಳಕಿಂಡಿ ಬರಲಿಲ್ಲ.

ನನ್ನ ಕೊನೆಯ ತಂಗಿ ಅಮರಮ್ಮ, ನಾನೇ ಎತ್ತಿ ಆಡಿಸಿದವಳು, ಹೋದ ವರ್ಷ ಹೆಣ್ಣು ಹೆತ್ತಳು. ನಮ್ಮ ತಾಯಿ ಇಲ್ಲದ್ದರಿಂದ ಬಾಣಂತನ ಗಂಡನ ಮನೆಯಲ್ಲೇ ಆಯಿತು. ಅತ್ತೆ ಗುರುಬಸಮ್ಮ ಸೊಸೆಯನ್ನು ಮಗಳಂತೆ ನೋಡಿಕೊಂಡ ಹೆಂಗಸು. ಎಣ್ಣೆ ಹಚ್ಚಿ, ಬಿಸಿನೀರು ಹಾಕಿ, ತಾಯಿಮಗುವನ್ನು ಮಲಗಿಸಿದಾಗ ಉಸಿರುಪೆಟ್ಟಿಗೆಯ ತಂಪು ನೇರ ಅಮರಮ್ಮನ ತಲೆಗೆ ಬಡಿಯುತ್ತಿತ್ತು. "ಏ ಯವ್ವಾ, ಹಸಿ ಬಾಣಂತಿಗಿ ತಂಡಿ ಗಾಳಿ ಬಡಿಲಾಕತ್ತದ, ಆ ಪೆಟ್ಟಿಗಿ ಬಾಯಿ ಮುಚ್ರಿ" ಎಂದಳು. ಹಳೆಯ ಸೀರೆಯನ್ನು ಒತ್ತಿ ತುರುಕಿದರು. ಜಾಲಿ ಇದ್ದಿಲಿನ ಕೆಂಡ ತಂದು ಮಂಚದ ಕೆಳಗಿಟ್ಟರು. ಕೋಣೆಯ ಬಾಗಿಲಿಗೂ ಮನೆಯ ಬಾಗಿಲಿನಷ್ಟೇ ಬಿಗಿ. ಇಳಿಹೊತ್ತಿಗೆ ಚಹಾ ಹಿಡಿದು ಹೋದಾಗ ಇಬ್ಬರೂ ಮಲಗಿದಂತೆಯೇ ಇದ್ದರು. ಮಗುವಿನ ಕೆನ್ನೆ ಕೆಂಪಗಿತ್ತು. ಎಷ್ಟು ಲಕ್ಷಣವಾಗಿ ಮಲಗಿದೆ ಎಂದುಕೊಂಡು ಗುರುಬಸಮ್ಮ ಬಾಗಿಲು ಎಳೆದುಕೊಂಡು ಹೊರಗೆ ಬಂದಳಂತೆ. ತಾಯಿಮಗು ಇಬ್ಬರೂ ಆಗಲೇ ತೀರಿಹೋಗಿದ್ದರು. ಊರಿನವರು ಬಾಣಂತಿ ಗಾಳಿ ಬಡಿದು ಸತ್ತಳು ಎನ್ನುತ್ತಾರೆ. ಗಾಳಿ ಇಲ್ಲದೆ ಸತ್ತಳು ಎಂದರೆ ನನ್ನನ್ನೇ ಹುಚ್ಚಿ ಎನ್ನುವಂತೆ ನೋಡುತ್ತಾರೆ.

ಈಗ ನನ್ನ ಮಗಳು ಹಂಪಮ್ಮ ಚೊಚ್ಚಲ ಬಸುರಿ. ಬರುವ ತಿಂಗಳು ಹೆರಿಗೆ, ಬಾಣಂತನ ನನ್ನ ಮನೆಯಲ್ಲಿ. ನಾನಂತೂ ಕೆಂಡ ಇಡುವುದಿಲ್ಲ. ಬೀಗರು ಏನೇ ಅಂದುಕೊಳ್ಳಲಿ, ಪೆಟ್ಟಿಗೆಗೆ ಬಟ್ಟೆ ಮುಟ್ಟಿಸಗೊಡುವುದಿಲ್ಲ. ಆದರೆ ಈ ಬೇಸಿಗೆಯಲ್ಲಿ ಕರೆಂಟು ಆಗಾಗ ಹೋಗುತ್ತಿದೆ, ಅದು ಹೋದೊಡನೆ ಪೆಟ್ಟಿಗೆಯೂ ನಿಲ್ಲುತ್ತದೆ. ಬಾಗಿಲು ಮುಚ್ಚಿಕೊಂಡು ಕೂತರೆ ತಲೆಸಿಡಿತ ಶುರುವಾಗುತ್ತದೆ. ಹೊರಬಾಗಿಲು ತೆರೆದರೆ ಕಾದ ಗಾಳಿ ಮನೆಯಷ್ಟಕ್ಕೂ ನುಗ್ಗುತ್ತದೆ. ನಡುವೆ ಒಂದು ಅಂಗೈ ಅಗಲದ ದಾರಿ ಕೂಡ ನಮಗಿಲ್ಲ. ಬಾಣಂತನಕ್ಕೆಂದು ಅಣಿ ಮಾಡಿದ ಕೋಣೆಗೆ ಕಾಲಿಡಲು ಹಂಪಮ್ಮ ಹೆದರುತ್ತಾಳೆ. "ಯವ್ವಾ, ಚಿಕ್ಕವ್ವನ ಹಾಂಗ ನಂದೂ ಆಗ್ತದೇನ?" ಎಂದು ಕೇಳಿದಳು.

ಒಂದು ಚಿಕ್ಕ ಕಿಟಕಿಗೆ ಅಪ್ಪಣೆ ಕೊಡಿ ಎಂದು ಮನೆಗಳ ಕಚೇರಿಗೆ ಹೋಗಿದ್ದೆ. ಅಲ್ಲಿನ ಹುಡುಗಿ ಒಳ್ಳೆಯವಳು, ನೀರು ಕೊಟ್ಟು ಕೂರಿಸಿದಳು. "ಅಮ್ಮಾರ, ಗ್ವಾಡಿ ಒಡದ್ರ ಸೋರಿಕಿ ಅಂತ ಬರ್ಕೋತಾರ, ಸಾಲಿನ ತಂಪು ನಿಂತೇ ಹೋಗ್ತದ. ಹಳೀ ನಿಯಮ ಐತ್ರಿ, ನಮ್ಮ ಕೈಯಾಗ ಇಲ್ಲ" ಎಂದಳು. ಉಳಿಯೂ ಸುತ್ತಿಗೆಯೂ ನನ್ನ ಮನೆಯಲ್ಲಿವೆ. ಗೋಡೆ ಒಡೆಯುವ ಶಕ್ತಿ ನನ್ನ ರಟ್ಟೆಗೆ ಇನ್ನೂ ಇದೆ. ಆದರೆ ಪಕ್ಕದ ಮನೆಯ ಕೂಸು ಇನ್ನೂ ಅಂಬೆಗಾಲಿಡುತ್ತಿದೆ. ನನ್ನ ಮಗಳಿಗೆ ಉಸಿರು ಕೊಡಲು ಆ ಕೂಸನ್ನು ಬೇಯಲು ಬಿಡಲೇ? ದಿನವೂ ಸುತ್ತಿಗೆ ಕೈಗೆತ್ತಿಕೊಂಡು ಕೆಳಗಿಡುತ್ತಿದ್ದೇನೆ.

ಅದಕ್ಕೇ ನಿಮಗೆ ಬರೆದೆ. ಇಲ್ಲಿ ಹಳೆಯದಾಗಿ ಕಲ್ಲಾಗಿರುವ ನಿಯಮ ನಿಮ್ಮಲ್ಲಿನ್ನೂ ಹಸಿಯಾಗಿದೆ. ಅದಕ್ಕೊಂದು ಸಾಲು ಸೇರಿಸಿ. ಮನುಷ್ಯರು ಮಲಗುವ ಪ್ರತಿ ಕೋಣೆಗೂ ಮುಚ್ಚಿದಾಗ ಬಿಗಿಯಾಗಿರುವ, ಕರೆಂಟಿಲ್ಲದೆ ಕೈಯಿಂದ ತೆರೆಯಲು ಬರುವ ಒಂದು ಕಿಟಕಿ ಇರತಕ್ಕದ್ದು. ಇಷ್ಟೇ. ಯಂತ್ರ ಇದೆಯಲ್ಲ, ಸಾಕು ಎಂದು ನಿಮ್ಮಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಅವರಿಗೆ ಅಮರಮ್ಮನ ಹೆಸರು ಹೇಳಿ. ಅವಳ ಕೂಸಿಗೆ ಹೆಸರಿಡುವ ದಿನ ಇನ್ನೂ ಬಂದಿರಲಿಲ್ಲ.

ಆ ಸಾಲನ್ನು ನೀವು ಬರೆದರೆ ನನಗೆ ಗೊತ್ತೇ ಆಗುವುದಿಲ್ಲ. ಈ ಗೋಡೆಯಲ್ಲಿ ಕಿಟಕಿ ಮೊದಲಿನಿಂದಲೂ ಇದ್ದಂತೆ ಇರುತ್ತದೆ. ತಂಗಿ ತನ್ನ ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಹಂಪಮ್ಮನ ಸೀಮಂತಕ್ಕೆ ಬಂದಿರುತ್ತಾಳೆ. ನಾನು ಈ ಕಾಗದವನ್ನು ಬರೆದೇ ಇರುವುದಿಲ್ಲ, ನಿಮ್ಮ ಉಪಕಾರ ನೆನೆಯಬೇಕೆಂದೂ ನನಗೆ ತೋಚುವುದಿಲ್ಲ. ಆದ್ದರಿಂದ ಈಗಲೇ ಕೈಮುಗಿದುಬಿಡುತ್ತೇನೆ. ಓದಿ ಮುಗಿಸಿದ ಮೇಲೂ ಈ ಕಾಗದ ನಿಮ್ಮ ಕೈಯಲ್ಲಿ ಉಳಿದಿದ್ದರೆ, ನೀವಿನ್ನೂ ಆ ಸಾಲು ಬರೆದಿಲ್ಲ.